ಸರೋಜ ಎರಡನ್ನು ಅಳಿಸಿದ್ದು

ತಾನೇ ಪ್ರಶ್ನೆಪತ್ರಿಕೆ ತಯಾರಿಸಿ, ತಾನೇ ಪರೀಕ್ಷೆ ಬರೆದು, ತಾನೇ ತಿದ್ದಿ, ಕೊನೆಗೆ ತಾನೇ ನೂರಕ್ಕೆ ನೂರು ಹಾಕಿಕೊಂಡು ಬೀಗುವ ಉದ್ಯೋಗವೊಂದು ಈ ಭೂಮಿಯ ಮೇಲೆ ಇದ್ದರೆ ಅದು ನನ್ನದು. ನಾನು ಸಾಫ್ಟ್‌ವೇರ್ ಬರೆಯುವವಳು. ಬರೆದದ್ದು ಸರಿಯಾಗಿದೆಯೇ ಎಂದು ನೋಡಲು ಅದರ ಪಕ್ಕದಲ್ಲೇ ಪುಟ್ಟ ಪುಟ್ಟ ಪ್ರೋಗ್ರಾಮುಗಳನ್ನೂ ನಾವೇ ಬರೆದಿಡುತ್ತೇವೆ. ಅವುಗಳಿಗೆ ಯೂನಿಟ್ ಟೆಸ್ಟ್ ಎಂದು ಹೆಸರು. ಒಂದೊಂದು ಟೆಸ್ಟೂ ಒಂದೊಂದೇ ಪ್ರಶ್ನೆ ಕೇಳುತ್ತದೆ: ಮಂಗಳವಾರ ಹತ್ತು ಗಂಟೆಗೆ ಬುಕ್ ಮಾಡಿದವರಿಗೆ ಮಂಗಳವಾರ ಹತ್ತು ಗಂಟೆಯೇ ಸಿಕ್ಕಿತೇ? ಸಿಕ್ಕಿದ್ದರೆ ಪರದೆಯ ಮೇಲೆ ಹಸಿರು, ಇಲ್ಲದಿದ್ದರೆ ಕೆಂಪು. ಇದನ್ನು ಒಮ್ಮೆ ನನ್ನ ಗಂಡನಿಗೆ ವಿವರಿಸಿದೆ. ಅವರು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವರು. ಪೂರ್ತಿ ಕೇಳಿಸಿಕೊಂಡು, ಕನ್ನಡಕ ತೆಗೆದು ಒರೆಸಿ, "ನಮ್ಮಲ್ಲಿ ಹಿಂಗ್ ಮಾಡಿದ್ರೆ ಸಸ್ಪೆಂಡ್ ಮಾಡ್ತಾರೆ ಕಣೆ," ಎಂದರು.

ನಮ್ಮ ಮನೆ ಹಲಸೂರಿನಲ್ಲಿ. ಆಫೀಸು ಗರುಡಾಚಾರ್‌ಪಾಳ್ಯದಲ್ಲಿ, ಮೆಟ್ರೋ ಇಳಿದು ಹತ್ತು ನಿಮಿಷ ನಡೆದರೆ ಸಿಗುವ ಒಂದು ಗಾಜಿನ ಕಟ್ಟಡದ ಮೂರನೆಯ ಮಹಡಿ. ಡಯಾಲಿಸಿಸ್ ಕೇಂದ್ರಗಳಿಗೆ ಬೇಕಾದ ಸಾಫ್ಟ್‌ವೇರ್ ಮಾಡುವುದು ನಮ್ಮ ಕಂಪನಿಯ ಕೆಲಸ. ಯಾವ ರೋಗಿ ಯಾವ ದಿನ ಬರಬೇಕು, ಯಾವ ಯಂತ್ರದ ಪಕ್ಕ ಕೂರಬೇಕು, ಹಿಂದಿನ ಸಲ ಏನಾಗಿತ್ತು, ಇದೆಲ್ಲದರ ಲೆಕ್ಕ ಅದು ಇಟ್ಟುಕೊಳ್ಳುತ್ತದೆ. ಬರೆದಿರುವುದು ಪೈಥಾನ್, ಅಂದರೆ ಹೆಬ್ಬಾವು, ಎಂಬ ಹೆಸರಿನ ಭಾಷೆಯಲ್ಲಿ. ಈ ಹೆಸರನ್ನು ಅತ್ತೆಯವರಿಗೆ ಹೇಳಿದ ತಪ್ಪಿಗೆ, ನಮ್ಮ ಬೀದಿಯ ಅರ್ಧ ಜನ ನಾನು ಬನ್ನೇರುಘಟ್ಟದಲ್ಲಿ ಕೆಲಸಕ್ಕಿದ್ದೇನೆ ಎಂದುಕೊಂಡಿದ್ದಾರೆ.

ಒಂಬತ್ತು ವರ್ಷ ಇದೇ ಆಫೀಸಿನಲ್ಲಿದ್ದೇನೆ. ಇಷ್ಟು ವರ್ಷಗಳಲ್ಲಿ ಹತ್ತಾರು ಮಂದಿ ಬಂದರು, ಟೆಸ್ಟ್ ಬರೆದರು, ಹೋದರು. ಹೋದವರ ಟೆಸ್ಟುಗಳು ಉಳಿದವು. ಕೊನೆಗೆ ಸಾವಿರಕ್ಕೂ ಹೆಚ್ಚು ಟೆಸ್ಟುಗಳು ಒಂದೇ ಫೈಲಿನಲ್ಲಿ, ಶಿವಾಜಿನಗರದ ಬಸ್‌ ಸ್ಟ್ಯಾಂಡಿನಲ್ಲಿ ಸಂಜೆ ನಿಂತ ಜನರ ಹಾಗೆ, ಒಬ್ಬರ ಕಾಲು ಒಬ್ಬರು ತುಳಿದುಕೊಂಡು ನಿಂತಿದ್ದವು. ಎಲ್ಲವೂ ಓಡಿ ಮುಗಿಯಲು ಐವತ್ತು ನಿಮಿಷ ಬೇಕಿತ್ತು. ಒಂದು ಸಾಲು ಬದಲಾಯಿಸಿದರೂ ಐವತ್ತು ನಿಮಿಷ. ಇದರಿಂದ ಕಂಪನಿಗೆ ಎಷ್ಟು ನಷ್ಟವಾಯಿತೋ ಗೊತ್ತಿಲ್ಲ, ಎದುರಿನ ಟೀ ಅಂಗಡಿಯವನಂತೂ ಪಕ್ಕದ ಮಳಿಗೆಯನ್ನೂ ಹಿಡಿದು ವಿಸ್ತರಿಸಿದ. "ಎಲ್ಲಿಗೆ?" ಎಂದು ಯಾರಾದರೂ ಕೇಳಿದರೆ "ಟೆಸ್ಟ್ ಓಡ್ತಿದೆ" ಎಂದರೆ ಸಾಕು, ಮುಂದಿನ ಪ್ರಶ್ನೆ ಇರುತ್ತಿರಲಿಲ್ಲ. ನಾನೇ ಒಂದು ಸಲ ಟೆಸ್ಟ್ ಓಡಲು ಬಿಟ್ಟು, ಟಿನ್ ಫ್ಯಾಕ್ಟರಿಯವರೆಗೆ ಹೋಗಿ ಮಿಕ್ಸಿ ರಿಪೇರಿ ಮಾಡಿಸಿಕೊಂಡು ಬಂದಿದ್ದೇನೆ. ವಾಪಸ್ ಬಂದಾಗಲೂ ಅದು ಇನ್ನೂ ಓಡುತ್ತಿತ್ತು.

ಹೀಗಿರುವಾಗ ಒಂದು ಸೋಮವಾರ ನಮ್ಮ ಮ್ಯಾನೇಜರ್ ದೇವರಾಜ್ ಎಲ್ಲರನ್ನೂ ಕೂರಿಸಿಕೊಂಡು, "ಈ ಟೆಸ್ಟ್‌ಗಳನ್ನ ಯಾರಾದ್ರೂ ಕ್ಲೀನ್ ಮಾಡ್ಬೇಕಲ್ಲ ಗುರು," ಎಂದರು. ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಸುಮ್ಮನಿರುವುದು ನನಗೆ ಹುಟ್ಟಿನಿಂದಲೇ ಬರುವುದಿಲ್ಲ. ಮದುವೆ ಮನೆಗಳಲ್ಲಿ ಯಾರೂ ಕೇಳದಿದ್ದರೂ ಎಲೆ ಹಾಕಲು ಎದ್ದು ನಿಲ್ಲುವ ಜಾತಿ ನನ್ನದು. "ನಾನ್ ಮಾಡ್ತೀನಿ. ಎರಡು ವಾರ ಸಾಕು. ಹತ್ತು ನಿಮಿಷದೊಳಗೆ ಓಡೋ ಹಂಗೆ ಮಾಡ್ಕೊಡ್ತೀನಿ," ಎಂದೆ. ದೇವರಾಜ್ ಅವರಿಗೆ ಎಷ್ಟು ಸಂತೋಷವಾಯಿತೆಂದರೆ, ನನ್ನ ಸಹಾಯಕ್ಕೆ ತಂಡದಲ್ಲೇ ಚುರುಕಾದವಳನ್ನು ಕೊಟ್ಟರು.

ಅವಳ ಹೆಸರು ನುಸ್ರತ್. ಸೇರಿ ನಾಲ್ಕು ವರ್ಷವಾಗಿತ್ತು. ಮನೆ ಶಿವಾಜಿನಗರದಲ್ಲಿ, ಅವಳ ತಂದೆಗೆ ಅಲ್ಲಿ ಹಳೆಯ ಕಾರುಗಳ ಬಿಡಿಭಾಗ ಮಾರುವ ಅಂಗಡಿ. ಮಾತು ಕಡಿಮೆ. ಆದರೆ ಆಡಿದ ಮಾತು ಸಾಮಾನ್ಯವಾಗಿ ಸರಿಯಿರುತ್ತಿತ್ತು, ಅದೇ ಅವಳ ಜೊತೆ ಕೆಲಸ ಮಾಡುವುದರ ಕಷ್ಟ. ಮೊದಲ ದಿನವೇ ನಾನು ಅವಳಿಗೆ ನನ್ನ ಸಿದ್ಧಾಂತ ಹೇಳಿದೆ: "ನೋಡು, ಯಾಕಿದೆ ಅಂತ ಗೊತ್ತಾಗದ ಟೆಸ್ಟು ಯಾಕಿರ್ಬೇಕು? ಅಳಿಸ್ಬಿಡೋದು." ನುಸ್ರತ್ "ನಮ್ಮ ಅಬ್ಬಾ ಉಲ್ಟಾ ಹೇಳ್ತಾರೆ ಮೇಡಂ. ಯಾವ ಗಾಡಿದು ಅಂತ ಗೊತ್ತಾಗೋವರ್ಗೂ ಒಂದ್ ನಟ್ಟೂ ಬಿಸಾಕಲ್ಲ," ಎಂದಳು. "ಅದಕ್ಕೇ ನಿಮ್ಮ ಅಂಗಡಿಯಲ್ಲಿ ಕಾಲಿಡೋಕೆ ಜಾಗ ಇಲ್ಲ," ಎಂದೆ. ಅವಳು ನಕ್ಕಳು. ಗೆದ್ದೆ ಎಂದುಕೊಂಡೆ.

ಮೊದಲ ವಾರ ಹಬ್ಬದ ಹಾಗಿತ್ತು. ಒಂದು ಟೆಸ್ಟು ಭಾನುವಾರಗಳಲ್ಲಿ ಮಾತ್ರ ಕೆಂಪಾಗುತ್ತಿತ್ತು. ಬರೆದವರು "ಇವತ್ತು" ಎಂದರೆ ಎಂದಿಗೂ ಕೆಲಸದ ದಿನವೇ ಎಂದು ನಂಬಿದ್ದರು. ಇನ್ನೊಂದು ಟೆಸ್ಟಿಗೆ ಒಂಟಿಯಾಗಿ ಓಡಲು ಬರುತ್ತಿರಲಿಲ್ಲ. ಅದರ ಹಿಂದಿನ ಟೆಸ್ಟು ಬಿಟ್ಟುಹೋದ ರೋಗಿಯ ಹೆಸರನ್ನೇ ಎತ್ತಿಕೊಂಡು ಕೆಲಸ ಸಾಗಿಸುತ್ತಿತ್ತು. ನಿಜವಾದ ಮೆಸೇಜ್ ಕಳಿಸುವ ಟೆಸ್ಟೊಂದಿತ್ತು. ಪ್ರತಿ ಸಲ ಓಡಿದಾಗಲೂ "ನಿಮ್ಮ ಅಪಾಯಿಂಟ್‌ಮೆಂಟ್ ನಾಳೆ ಇದೆ" ಎಂದು ಯಾವುದೋ ನಂಬರಿಗೆ ಸಂದೇಶ ಹೋಗುತ್ತಿತ್ತು. ಅದು ಯಾರ ನಂಬರು ಎಂದು ಹುಡುಕಿದರೆ, ಕೆಲಸ ಬಿಟ್ಟು ಹೋದ ಒಬ್ಬ ಸಹೋದ್ಯೋಗಿಯದು. ಪಾಪ, ಅವನು ವರ್ಷಗಟ್ಟಲೆ ದಿನಕ್ಕೆ ಎಂಟು ಹತ್ತು ಸಲ ಡಯಾಲಿಸಿಸ್‌ಗೆ ಕರೆಸಿಕೊಳ್ಳುತ್ತಾ ಬದುಕಿದ್ದ.

ಬುಧವಾರ ಒಂದು ರತ್ನ ಸಿಕ್ಕಿತು. ಟೆಸ್ಟಿನ ಹೆಸರು ಉದ್ದವಾಗಿ, ಗಂಭೀರವಾಗಿತ್ತು: ತುರ್ತು ರೋಗಿಗೆ ಮೊದಲ ಆದ್ಯತೆ ಸಿಗುತ್ತದೆಯೇ ಎಂಬುದರ ಪರೀಕ್ಷೆ. ಒಳಗೆ ಇದ್ದದ್ದು ಒಂದೇ ಸಾಲು: ಸತ್ಯವು ಸತ್ಯವಾಗಿದೆಯೇ ನೋಡು. ಸತ್ಯ ಯಾವಾಗಲೂ ಸತ್ಯವೇ, ಹಾಗಾಗಿ ಅದು ಯಾವಾಗಲೂ ಹಸಿರು. ನನಗೆ ನಗು ತಡೆಯಲಾಗಲಿಲ್ಲ. ಅದನ್ನು ದೊಡ್ಡ ಪರದೆಗೆ ಹಾಕಿ, ಟೀಗೆ ಹೊರಟವರನ್ನೆಲ್ಲ ಕರೆದು ನಿಲ್ಲಿಸಿದೆ. "ಯಾವ ಪುಣ್ಯಾತ್ಮ ಬರೆದಿದ್ದು ಅಂತ ನೋಡೋಣ ಇರ್ರಿ," ಎಂದೆ. ಯಾವ ಸಾಲನ್ನು ಯಾರು ಬರೆದರು ಎಂದು ತೋರಿಸುವ ಸೌಲಭ್ಯ ನಮ್ಮಲ್ಲಿದೆ. ನುಸ್ರತ್ ಮೆಲ್ಲಗೆ, "ಹೆಸರು ನೋಡೋದ್ ಬೇಡ ಬಿಡಿ ಮೇಡಂ," ಎಂದಳು. "ಯಾಕೆ ಬೇಡ? ನೋಡ್ಲೇಬೇಕು," ಎಂದು ಗುಂಡಿ ಒತ್ತಿದೆ. ನನ್ನ ಹೆಸರು, ಇನಿಷಿಯಲ್ ಸಮೇತ, ಗೋಡೆಯಷ್ಟು ಅಗಲದ ಪರದೆಯ ಮೇಲೆ ಮೂಡಿತು. ಆಗ ಏನೋ ಅವಸರವಿತ್ತು, ನಾಳೆ ಬರೆಯುತ್ತೇನೆಂದು ಒಂದು ಸಾಲು ಹಾಕಿಟ್ಟಿದ್ದೆ ಎಂದು ಕಾಣುತ್ತದೆ. ಆ ನಾಳೆ ಆರು ವರ್ಷ ಬಂದಿರಲಿಲ್ಲ. ಎಲ್ಲರೂ ಬಹಳ ಸಭ್ಯವಾಗಿ ಟೀಗೆ ಹೋದರು. ನುಸ್ರತ್‌ಗೆ ಅದು ಮೊದಲೇ ಗೊತ್ತಿತ್ತೆಂದು ನನಗೆ ಆಮೇಲೆ ಹೊಳೆಯಿತು.

ಮಾನ ಹೋದ ಮೇಲೆ ಮನುಷ್ಯನಿಗೆ ಕೆಲಸದಲ್ಲಿ ರಭಸ ಹೆಚ್ಚುತ್ತದೆ. ಎರಡನೆಯ ವಾರ ನಾನು ಕಂಡಕಂಡದ್ದನ್ನು ಕಿತ್ತು ಹಾಕತೊಡಗಿದೆ. ಅದೇ ಹೊತ್ತಿಗೆ ಇನ್ನೊಂದು ಹೊಸ ಸೌಲಭ್ಯವನ್ನೂ ನಾನೇ ಬರೆಯುತ್ತಿದ್ದೆ. ಕೇಂದ್ರಗಳಲ್ಲಿ ಒಬ್ಬರೇ ರೋಗಿಯ ಹೆಸರು ಎರಡೆರಡು ಸಲ ನೋಂದಾಯಿಸಿಕೊಂಡು ಗೊಂದಲವಾಗುತ್ತಿತ್ತು. ಹೆಸರು, ಹುಟ್ಟಿದ ವರ್ಷ, ಬೀದಿ ಮೂರೂ ಒಂದೇ ಆಗಿದ್ದರೆ ಎರಡು ದಾಖಲೆಗಳನ್ನು ತಾನಾಗಿಯೇ ಸೇರಿಸಿ ಒಂದು ಮಾಡಬೇಕು. ನೀಟಾಗಿ ಬರೆದೆ. ಓಡಿಸಿದೆ. ಎಲ್ಲ ಟೆಸ್ಟುಗಳೂ ಹಸಿರಾದವು, ಒಂದನ್ನು ಬಿಟ್ಟು.

ಅದರ ಹೆಸರು "ಟೆಸ್ಟ್ ಸರೋಜ 2". ಅದರ ಮೇಲೆ ಇನ್ನೊಂದಿತ್ತು, "ಟೆಸ್ಟ್ ಸರೋಜ". ಸರೋಜ ಯಾರು, ಆ ಎರಡರ ಅರ್ಥವೇನು, ಎಲ್ಲಿಯೂ ಒಂದು ಅಕ್ಷರ ವಿವರಣೆಯಿಲ್ಲ. ಬರೆದವರು ಆರೋಕ್ಯಸ್ವಾಮಿ ಸರ್. ನಮ್ಮ ಕಂಪನಿಯ ಮೊದಲ ಎಂಜಿನಿಯರ್, ಎರಡು ವರ್ಷದ ಹಿಂದೆ ನಿವೃತ್ತರಾದವರು. ಅವರ ಟೆಸ್ಟುಗಳೆಲ್ಲ ಹೀಗೆಯೇ: ಟೆಸ್ಟ್ ಕಲಾವತಿ, ಟೆಸ್ಟ್ ಇಮ್ತಿಯಾಜ್, ಟೆಸ್ಟ್ ಮುನಿಯಪ್ಪನ ಮಗಳು. ಮತದಾರರ ಪಟ್ಟಿ ಓದಿದ ಹಾಗೆ.

"ಇದು ಮೊದಲ್ನೇದರ ಕಾಪಿ," ಎಂದು ನಾನು ತೀರ್ಮಾನ ಕೊಟ್ಟೆ. "ಕಾಪಿ ಮಾಡಿ ಎರಡು ಅಂತ ಬರ್ದಿದಾರೆ. ಮೇಲಿಂದ ಫ್ಲೇಕಿ ಬೇರೆ." ಕಾರಣವಿಲ್ಲದೆ ಒಮ್ಮೆ ಹಸಿರು, ಒಮ್ಮೆ ಕೆಂಪು ತೋರಿಸುವ ಚಂಚಲ ಟೆಸ್ಟಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ.

ನುಸ್ರತ್ ಅದನ್ನು ಮೂರು ಸಲ ಓಡಿಸಿ ತೋರಿಸಿದಳು. "ಮೂರು ಸಲಾನೂ ಕೆಂಪೇ ಮೇಡಂ. ಫ್ಲೇಕಿ ಆದ್ರೆ ಒಂದ್ಸಲಾನಾದ್ರೂ ಹಸಿರು ಬರ್ಬೇಕಲ್ವಾ?"

"ಇದು ಹಟಮಾರಿ ಫ್ಲೇಕಿ," ಎಂದೆ.

"ಕಾಪಿನೂ ಅಲ್ಲ. ಒಳಗಡೆ ಬೇರೆ ಏನೋ ಇದೆ. ಎರಡು ಬುಕಿಂಗ್ ಮಾಡ್ತಿದೆ. ಸರ್‌ನ ಒಂದ್ ಮಾತು ಕೇಳೋಣ."

"ನಿವೃತ್ತರಾದೋರನ್ನ ಪ್ರತಿಯೊಂದಕ್ಕೂ ಪೀಡಿಸ್ಬಾರ್ದು," ಎಂದು ಘನತೆಯಿಂದ ಹೇಳಿ, ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟೆ. ನುಸ್ರತ್ ಆಫೀಸಿನಲ್ಲಿ ಎಂದೂ ಮನೆಯ ಉರ್ದು ಆಡಿದವಳಲ್ಲ. ಆಗ ಮಾತ್ರ ಅವಳ ಬಾಯಿಂದ "ಬೇಡ" ಎಂಬುದು "ನಕ್ಕೋ ಮೇಡಂ, ನಕ್ಕೋ!" ಎಂದೇ ಬಂತು. ಅಷ್ಟರಲ್ಲಿ ಒತ್ತಿಯಾಗಿತ್ತು. ಪರದೆ ತುಂಬ ಹಸಿರು.

ಗುರುವಾರ ನಮ್ಮ ವಿಜಯೋತ್ಸವ. ಐವತ್ತು ನಿಮಿಷದ ಓಟ ಆರು ನಿಮಿಷಕ್ಕಿಳಿದಿತ್ತು. ದೇವರಾಜ್ ಕೇಕ್ ತರಿಸಿದರು. ಅದರ ಮೇಲೆ ಹಸಿರು ಕ್ರೀಮಿನಲ್ಲಿ ದೊಡ್ಡದೊಂದು ರೈಟ್ ಗುರುತು. ಕೇಕ್ ತಿನ್ನುತ್ತಾ ಎಲ್ಲರೂ ಅಭಿನಂದಿಸಿದರಾದರೂ ಆ ಅಭಿನಂದನೆಯಲ್ಲಿ ಏನೋ ಕೊರತೆ ಇತ್ತು. ಮಾರನೆಯ ಬೆಳಿಗ್ಗೆ ಅರ್ಥವಾಯಿತು. ಎದುರಿನ ಟೀ ಅಂಗಡಿಗೆ ಹೋಗಿ, ಸಾಲಿನಲ್ಲಿ ನಿಂತು, ಟೀ ಊದಿ ಕುಡಿದು ಬರಲು ಆರು ನಿಮಿಷ ಸಾಲುವುದಿಲ್ಲ. ಲಿಫ್ಟಿನ ಬಳಿ ಇಬ್ಬರು ನನ್ನನ್ನು ಕಂಡು ಮಾತು ನಿಲ್ಲಿಸಿದರು. ಒಬ್ಬ ಧೈರ್ಯ ಮಾಡಿ, "ಮೇಡಂ, ಒಂದ್ ಹದಿನೈದು ನಿಮಿಷ ಆದ್ರೂ ಇಡ್ಬಹುದಿತ್ತು," ಎಂದ. ಸುಧಾರಕರಿಗೆ ಎಲ್ಲ ಕಾಲದಲ್ಲೂ ಇಂಥ ವಿರೋಧ ಇದ್ದದ್ದೇ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ.

ಹೊಸ ಸೌಲಭ್ಯ ಭಾನುವಾರ ಎಲ್ಲ ಕೇಂದ್ರಗಳಿಗೂ ಹೋಗುವುದೆಂದು ತೀರ್ಮಾನವಾಯಿತು. ಶುಕ್ರವಾರ ಮನೆಗೆ ಹೊರಡುವಾಗ ನುಸ್ರತ್ ಬಂದು, "ಆರೋಕ್ಯಸ್ವಾಮಿ ಸರ್ ಮನೆ ಫ್ರೇಜರ್ ಟೌನಲ್ಲೇ ಮೇಡಂ, ನಮ್ಮನೆಗೆ ಹತ್ರ. ನಾಳೆ ಬೆಳಿಗ್ಗೆ ಹೋಗ್ತಿದೀನಿ. ನೀವೂ ಬರ್ತೀರಾ?" ಎಂದು ಕೇಳಿದಳು. ನನಗೆ ಅನುಮಾನವೇ ಬರಲಿಲ್ಲ. ಹಳೆಯ ಗುರುಗಳಿಗೆ ನಮ್ಮ ಸಾಧನೆ ತೋರಿಸಿದರೆ ಅವರಿಗೂ ಖುಷಿ ಎಂದುಕೊಂಡು, ಐವತ್ತು ನಿಮಿಷ ಆರಕ್ಕಿಳಿದದ್ದನ್ನು ತೋರಿಸುವ ಚಿತ್ರವನ್ನು ಬಣ್ಣದಲ್ಲಿ ಪ್ರಿಂಟ್ ತೆಗೆದು ಕೈಚೀಲಕ್ಕೆ ಹಾಕಿಕೊಂಡೆ.

ಚರ್ಚಿನ ಹಿಂದಿನ ಒಂದು ಸಣ್ಣ ರಸ್ತೆಯಲ್ಲಿ ಕೆಂಪು ಹೆಂಚಿನ ಮನೆ. "ವಾಮ್ಮಾ, ವಾ, ಬನ್ನಿ ಬನ್ನಿ," ಎಂದು ಸರ್ ಬಾಗಿಲಿಗೇ ಬಂದರು. ಲುಂಗಿ, ಬಿಳಿ ಬನಿಯನ್, ಕಿವಿಯ ಹಿಂದೆ ಪೆನ್ನು. ಅಡುಗೆಮನೆಯ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದರಂತೆ. ಕಾಫಿ ತಂದ ಅವರ ಹೆಂಡತಿ ಸ್ಟೆಲ್ಲಾ ಆಂಟಿ ನಮ್ಮ ಬಳಿ ದೂರು ಹೇಳಿದರು: "ನೋಡಮ್ಮ, ಡಬ್ಬಿ ಮೇಲೆ ಧನಿಯಾ ಪುಡಿ ಅಂತ ಬರೀರಿ ಅಂದ್ರೆ ರುಕ್ಮಿಣಿ ಅಂತ ಬರೀತಾರೆ. ಯಾಕಂದ್ರೆ ಪಕ್ಕದ್ಮನೆ ರುಕ್ಮಿಣಿ ಕೊಟ್ಟಿದ್ದಂತೆ. ನಾನು ಸತ್ರೆ ಈ ಮನೇಲಿ ಯಾರಿಗೂ ಸಾರು ಮಾಡೋಕೆ ಬರಲ್ಲ."

ಸರ್ ನಕ್ಕರು. ನಾನು ಚಿತ್ರ ತೆಗೆದು ಕೊಟ್ಟೆ. ಅವರು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, "ತುಂಬಾ ಚೆನ್ನಾಗಿದೆ. ಅಷ್ಟೊಂದು ಕಸ ಇತ್ತಾ?" ಎಂದರು. ನಾನು ವಿನಯದಿಂದ ತಲೆಯಾಡಿಸಿದೆ. ಆಗ ನುಸ್ರತ್, ಬಿಸ್ಕತ್ತು ಕಾಫಿಯಲ್ಲಿ ಅದ್ದುತ್ತಾ, ಏನೂ ಅಲ್ಲವೆಂಬ ಹಾಗೆ ಕೇಳಿದಳು: "ಸರ್, ಸರೋಜ ಎರಡು ಅಂತ ಒಂದು ಟೆಸ್ಟಿತ್ತಲ್ಲ, ಅದು ಏನು?"

"ಅಯ್ಯೋ, ಸರೋಜಾ!" ಎಂದು ಸರ್ ಹಣೆಗೆ ಕೈ ಹೊಡೆದುಕೊಂಡರು. "ಅದು ಎರಡನೇ ಟೆಸ್ಟ್ ಅಂತ ಅಲ್ಲಮ್ಮ. ಎರಡು ಸರೋಜಾ. ಕೆ.ಆರ್. ಪುರದಲ್ಲಿ ನಮ್ಮ ಒಂದು ಸೆಂಟರ್ ಇದೆಯಲ್ಲ, ಅಲ್ಲಿ ಇಬ್ಬರು ಸರೋಜಮ್ಮ ಬರ್ತಿದ್ರು. ಹುಟ್ಟಿದ ವರ್ಷ ಒಂದೇ. ರಸ್ತೆ ಒಂದೇ. ಆಗ ನಾನೂ ಬುದ್ಧಿವಂತ ಅಲ್ವಾ, ಒಂದೇ ಥರ ಇರೋರನ್ನ ಸೇರಿಸೋ ಕೋಡ್ ಬರ್ದಿದ್ದೆ. ಬೆಳಿಗ್ಗೆ ಒಬ್ಬ ಸರೋಜಮ್ಮ ಡಯಾಲಿಸಿಸ್ ಮಾಡಿಸ್ಕೊಂಡು ಹೋದ್ರು. ಮಧ್ಯಾಹ್ನ ಇನ್ನೊಬ್ರು ಬಂದ್ರು. ರಿಸೆಪ್ಷನ್ ಹುಡುಗಿ ಸ್ಕ್ರೀನ್ ನೋಡಿ, 'ಅಮ್ಮಾ, ನಿಮ್ಮದು ಬೆಳಿಗ್ಗೆನೇ ಆಗಿದೆ' ಅಂದ್ಲು. ಆಯಮ್ಮ ಸೀರೆ ಸ್ವಲ್ಪ ಎತ್ತಿ ಕಾಲು ತೋರಿಸಿ, 'ಆಗಿದ್ರೆ ಇದ್ಯಾಕ್ ಹಿಂಗೆ ಊದ್ಕೊಂಡಿದೆ? ನನಗ್ ಮಾಡಿದ್ರಾ, ನಿಮ್ಮ ಟಿ.ವಿ.ಗ್ ಮಾಡಿದ್ರಾ?' ಅಂತ ಕೇಳಿದ್ರಂತೆ."

ಸ್ಟೆಲ್ಲಾ ಆಂಟಿ ನಕ್ಕರು. ಸರ್ ನಗಲಿಲ್ಲ. "ಮೂರು ಗಂಟೆ ಕೂರಿಸಿದ್ರು ಆಯಮ್ಮನ್ನ. ಉಸಿರಾಡೋಕೆ ಕಷ್ಟ ಆಗ್ತಿತ್ತಂತೆ. ಆಮೇಲೆ ಒಬ್ಬ ನರ್ಸು ಗುರುತು ಹಿಡಿದು ಒಳಗೆ ಕರ್ಕೊಂಡು ಹೋದ್ರು. ನಾನು ಮಾರನೇ ದಿನ ಬಸ್ಸಲ್ಲಿ ಹೋಗಿ ಕಾಲಿಗೆ ಬಿದ್ದು ಬಂದೆ. ಬಂದು ಕೂತು, ಆ ಟೆಸ್ಟ್ ಬರ್ದೆ. ಅದಿದ್ರೆ ಇನ್ಯಾರೂ ಹಂಗ್ ಮಾಡಕ್ಕಾಗಲ್ಲ ನೋಡು."

ಸರ್ ಕೈಯಲ್ಲಿ ನನ್ನ ಬಣ್ಣದ ಚಿತ್ರ ಇನ್ನೂ ಇತ್ತು. ಒಬ್ಬ ಸರೋಜಳನ್ನು ಇನ್ನೊಬ್ಬಳ ಕಾಪಿ ಎಂದು ತೀರ್ಮಾನಿಸಿ ಅಳಿಸಿದ್ದ ನಾನು, ಅದೇ ತಪ್ಪನ್ನು ನಾಡಿನ ಎಲ್ಲ ಸರೋಜಮ್ಮಂದಿರಿಗೂ ಮಾಡಲು ಭಾನುವಾರ ಬೆಳಿಗ್ಗೆ ಹತ್ತರ ಮುಹೂರ್ತ ಇಟ್ಟುಕೊಂಡಿದ್ದೆ.

ನುಸ್ರತ್ ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಟೀಪಾಯಿಯ ಮೇಲಿಟ್ಟಳು. ಶನಿವಾರ ಗುರುಗಳನ್ನು ನೋಡಲು ಹೊರಟವಳು ಲ್ಯಾಪ್‌ಟಾಪ್ ಏಕೆ ಹೊತ್ತು ತಂದಳೆಂದು ದಾರಿಯಲ್ಲಿ ನನಗೆ ಹೊಳೆಯಬೇಕಿತ್ತು. ಅಳಿಸಿದ್ದನ್ನು ವಾಪಸ್ ತಂದು ಓಡಿಸಿದಳು. ಪರದೆ ಕೆಂಪಾಯಿತು. ಸರ್ ಬಗ್ಗಿ ನೋಡಿ, ಬಹಳ ದಿನದ ಮೇಲೆ ಪರಿಚಯದವರನ್ನು ಕಂಡವರ ಹಾಗೆ, "ಪರವಾಗಿಲ್ಲ, ಇನ್ನೂ ಕೆಲಸ ಮಾಡ್ತಿದೆ," ಎಂದರು. ಆಮೇಲೆ ನನ್ನ ಮುಖ ನೋಡಿದರು. "ನಿನ್ ತಪ್ಪೇನಿಲ್ಲಮ್ಮ. ಯಾಕೆ ಅಂತ ಒಂದು ಸಾಲು ನಾನು ಬರ್ದಿದ್ರೆ ಆಗ್ತಿತ್ತು." ಅಷ್ಟರಲ್ಲಿ ಸ್ಟೆಲ್ಲಾ ಆಂಟಿ, "ಅದನ್ನೇ ಮೂವತ್ತು ವರ್ಷದಿಂದ ಹೇಳ್ತಿದೀನಿ," ಎಂದು ಡಬ್ಬಿಗಳ ಕಡೆ ಕೈ ತೋರಿಸಿದರು.

ಹೊರಗಿನ ಮೆಟ್ಟಿಲ ಮೇಲೆ ನಿಂತು ದೇವರಾಜ್ ಅವರಿಗೆ ಫೋನ್ ಮಾಡಿದೆ. ಭಾನುವಾರದ್ದು ನಿಲ್ಲಿಸಬೇಕು ಎಂದೆ.

"ಯಾಕೆ ಮೇಡಂ? ಎಲ್ಲಾ ಹಸಿರಿತ್ತಲ್ಲ?"

"ಕೆಂಪಾಗಿದ್ದನ್ನ ನಾನೇ ತೆಗೆದಿದ್ದೆ."

ಆ ಕಡೆ ಕುಕ್ಕರ್ ಎರಡು ಸಲ ಕೂಗಿದ್ದು ಕೇಳಿಸಿತು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು. "ಸರಿ, ನಿಲ್ಸೋಣ," ಎಂದರು. ಆಮೇಲೆ ತಡೆಯಲಾಗದೆ, "ಆದ್ರೆ ಕೇಕ್ ತಿಂದಾಯ್ತಲ್ಲ ಮೇಡಂ," ಎಂದರು.

ಸೋಮವಾರ ಇಡೀ ತಂಡದ ಎದುರು ನಿಂತು ನಡೆದದ್ದನ್ನು ಹೇಳಿದೆ. ಹೇಳುವಾಗ "ನಾವು ಅಳಿಸಿದೆವು" ಎಂದು ಶುರುಮಾಡಿದ್ದೆ. ನುಸ್ರತ್ ಮುಂದಿನ ಸಾಲಿನಲ್ಲೇ ಕೂತಿದ್ದಳು, ಹಾಗಾಗಿ ಎರಡನೆಯ ವಾಕ್ಯಕ್ಕೆ "ನಾನು ಅಳಿಸಿದೆ" ಎಂದು ತಿದ್ದಿಕೊಂಡೆ. ಇಬ್ಬರೂ ಮತ್ತೆ ಕೂತು, ನಾನು ಕಿತ್ತು ಹಾಕಿದ್ದ ಒಂದೊಂದನ್ನೂ ವಾಪಸ್ ತಂದು ನೋಡಿದೆವು. ಈ ಸಲ ಯಾವುದನ್ನೂ ಇಬ್ಬರೂ ಒಪ್ಪದೆ ತೆಗೆಯುವಂತಿಲ್ಲ ಎಂದು ನುಸ್ರತ್ ಷರತ್ತು ಹಾಕಿದ್ದಳು. ಹೆಚ್ಚಿನವು ನಿಜಕ್ಕೂ ಕಸವೇ, ಅಷ್ಟರಮಟ್ಟಿಗೆ ನನ್ನ ಮರ್ಯಾದೆ ಉಳಿಯಿತು. ಆದರೆ ಏಳೆಂಟು ಟೆಸ್ಟುಗಳ ಹಿಂದೆ ಒಬ್ಬೊಬ್ಬ ಮನುಷ್ಯರಿದ್ದರು. ಗೊತ್ತಾಗದಿದ್ದಾಗಲೆಲ್ಲ ನುಸ್ರತ್ ಸರ್‌ಗೆ ಫೋನ್ ಮಾಡುತ್ತಿದ್ದಳು. ಇಮ್ತಿಯಾಜ್ ಯಾರೆಂದರೆ, ರಂಜಾನ್ ತಿಂಗಳಲ್ಲಿ ಮಾತ್ರ ಸಮಯ ಬದಲಿಸಿಕೊಳ್ಳುತ್ತಿದ್ದ ರೋಗಿ. ಮುನಿಯಪ್ಪನ ಮಗಳು ಅಪ್ಪನ ಬದಲು ತನ್ನ ಫೋನ್ ನಂಬರ್ ಕೊಟ್ಟವಳು. ಸಂದೇಶ ಅವಳಿಗೆ ಹೋಗಬೇಕು, ಯಂತ್ರ ಅಪ್ಪನಿಗೆ ಸಿಗಬೇಕು. ಟೆಸ್ಟುಗಳನ್ನು ವಿಷಯವಾರು ಬೇರೆ ಬೇರೆ ಫೋಲ್ಡರುಗಳಿಗೆ ಹಂಚಿದೆವು. ಪ್ರತಿಯೊಂದರ ತಲೆಯ ಮೇಲೂ ಅದು ಏನು ನೋಡುತ್ತದೆ, ಏಕೆ ನೋಡುತ್ತದೆ ಎಂದು ಒಂದು ಸಾಲು ಬರೆದೆವು. ತುರ್ತು ರೋಗಿಯ ಟೆಸ್ಟನ್ನು ನಾನೇ ಕೂತು, ಈ ಸಲ ನಿಜವಾಗಿ, ಬರೆದೆ. ಒಂದೇ ಥರದ ದಾಖಲೆಗಳನ್ನು ತಾನಾಗಿಯೇ ಸೇರಿಸುವ ನನ್ನ ಜಾಣತನವನ್ನು ಕಿತ್ತು, "ಇವರಿಬ್ಬರೂ ಒಬ್ಬರೇನಾ?" ಎಂದು ರಿಸೆಪ್ಷನಿನವರನ್ನು ಕೇಳುವಂತೆ ಬದಲಾಯಿಸಿದೆವು. ಎಲ್ಲ ಮುಗಿದ ಮೇಲೆ ಓಡಲು ಹನ್ನೊಂದು ನಿಮಿಷ ಹಿಡಿಯಿತು. ಹತ್ತು ನಿಮಿಷ ಎಂದು ಮಾತು ಕೊಟ್ಟವಳು ನಾನು. ಹೆಚ್ಚಾದ ಒಂದು ನಿಮಿಷಕ್ಕೆ ಯಾರೂ ತಕರಾರು ತೆಗೆಯಲಿಲ್ಲ. ಹನ್ನೊಂದು ನಿಮಿಷದಲ್ಲಿ ಒಬ್ಬರು ಓಡಿಹೋಗಿ ಎಲ್ಲರಿಗೂ ಟೀ ಪಾರ್ಸೆಲ್ ತರಬಹುದೆಂದು ತಂಡದವರು ಅಷ್ಟು ಹೊತ್ತಿಗೆ ಕಂಡುಕೊಂಡಿದ್ದರು.

ತಿದ್ದಿದ ಹೊಸ ಸೌಲಭ್ಯ ಕೇಂದ್ರಗಳನ್ನು ತಲುಪಿದ ವಾರವೇ ಸರ್ ಫೋನ್ ಮಾಡಿ, "ಒಂದ್ಸಲ ಹೋಗಿ ನೋಡ್ಕೊಂಡು ಬಾಮ್ಮ," ಎಂದರು. ಒಂಬತ್ತು ವರ್ಷದಲ್ಲಿ ನಾನು ನಮ್ಮ ಸಾಫ್ಟ್‌ವೇರ್ ಬಳಸುವ ಒಂದು ಕೇಂದ್ರಕ್ಕೂ ಕಾಲಿಟ್ಟಿರಲಿಲ್ಲ ಎಂದು ಆಗ ಲೆಕ್ಕ ಸಿಕ್ಕಿತು. ಮಂಗಳವಾರ ಬೆಳಿಗ್ಗೆ ನುಸ್ರತ್ ಜೊತೆ ಕೆ.ಆರ್. ಪುರಕ್ಕೆ ಹೋದೆ. ರಿಸೆಪ್ಷನಿನ ಎದುರು ನೀಲಿ ಕುರ್ಚಿಗಳ ಸಾಲಿನಲ್ಲಿ ಇಬ್ಬರು ಹೆಂಗಸರು ಪಕ್ಕಪಕ್ಕದಲ್ಲಿ ಕೂತು ಒಂದೇ ಪೊಟ್ಟಣದಿಂದ ಅಳೆದು ಅಳೆದು ಹುರಿಗಡಲೆ ತಿನ್ನುತ್ತಿದ್ದರು. ಒಬ್ಬರು ಉದ್ದಕ್ಕೆ, ತೆಳ್ಳಗೆ, ಬಾಯಿಗೆ ಬಿಡುವಿಲ್ಲ. ಇನ್ನೊಬ್ಬರು ಗುಂಡಗೆ, ಕುಳ್ಳಗೆ, ಬರೀ ತಲೆಯಾಡಿಸುವವರು. ಒಳಗಿನಿಂದ ನರ್ಸು "ಸರೋಜಮ್ಮ" ಎಂದು ಕರೆದಾಗ ಇಬ್ಬರೂ "ಯಾರು?" ಎಂದರು. "ಇಬ್ರೂ ಇದೀರಲ್ಲ, ಸಾಕು. ಯಂತ್ರ ಖಾಲಿಯಾದ್ಮೇಲೆ ಕರೀತೀನಿ," ಎಂದು ನರ್ಸು ಒಳಗೆ ಹೋದರು. ನನ್ನ ಪ್ರೋಗ್ರಾಮಿಗೆ ಒಬ್ಬರೇ ಆಗಿ ಕಂಡವರು ಇವರು.

ನಾವೂ ಅವರ ಪಕ್ಕದಲ್ಲೇ ಕೂತೆವು. ಉದ್ದನೆಯ ಸರೋಜಮ್ಮನನ್ನು ನುಸ್ರತ್ ಮಾತಿಗೆಳೆದಳು. ಯಾವಾಗಲೂ ಜೊತೆಯಲ್ಲೇ ಬರುತ್ತೀರಾ ಎಂದು ಕೇಳಿದಳು. "ಮೊದ್ಲು ಬೇರೆ ಬೇರೆ ಹೊತ್ತಿಗೆ ಬರ್ತಿದ್ವಿ ಕಣಮ್ಮ. ಇವ್ರ ಕಂಪ್ಯೂಟ್ರು ಒಂದ್ ದಪ ನಮ್ಮಿಬ್ರನ್ನೂ ಒಬ್ಳೇ ಅಂದ್ಬುಡ್ತು. ಅವತ್ತಿಂದ ಇಬ್ರೂ ಒಂದೇ ಹೊತ್ಗೆ ಹಾಕಿಸ್ಕೊಂಡು ಜೊತೇಲೇ ಬತ್ತೀವಿ. ಇಬ್ರನ್ನೂ ಒಟ್ಗೆ ಕಣ್ಣಾರೆ ಕಂಡ್ರೆ ಒಬ್ಳು ಅನ್ನಕ್ಕಾಗಲ್ವಲ್ಲ!" ಎಂದರು. ಗುಂಡನೆಯ ಸರೋಜಮ್ಮ ತಲೆಯಾಡಿಸಿದರು. ನಾವು ವರ್ಷಗಟ್ಟಲೆ ಬರೆದು, ಅಳಿಸಿ, ಮತ್ತೆ ಬರೆದ ಟೆಸ್ಟಿಗಿಂತ ಇದು ಗಟ್ಟಿಯಾಗಿತ್ತು.

ಆಮೇಲೆ ಅವರು ನನ್ನ ಕಡೆ ತಿರುಗಿ, "ನೀವ್ಯಾರು ತಾಯಿ? ಇಲ್ಲಿ ಯಾವತ್ತೂ ನೋಡಿಲ್ವಲ್ಲ?" ಎಂದು ಕೇಳಿದರು. ಹೇಳಬೇಕೆಂದೇ ಬಂದಿದ್ದೆ. ಮೆಟ್ರೋದಲ್ಲಿ ಮೂರು ವಾಕ್ಯ ಸಿದ್ಧಮಾಡಿಕೊಂಡೂ ಇದ್ದೆ. ಅವರ ಊದಿದ ಕಾಲುಗಳನ್ನು ನೋಡಿದ ಮೇಲೆ ಒಂದೂ ಬಾಯಿಗೆ ಬರಲಿಲ್ಲ. "ನಾನು... ಈ ಟೆಸ್ಟುಗಳನ್ನ ನೋಡ್ಕೊಳೋಳು," ಎಂದೆ.

"ಓ, ಲ್ಯಾಬಿನೋರಾ!" ಎಂದು ಸರೋಜಮ್ಮ ತಟ್ಟನೆ ರವಿಕೆಯ ತೋಳು ಮೇಲೆ ಸರಿಸಿದರು. "ನೋಡಿಲ್ಲಿ, ಹೋದ್ ವಾರ ರಕ್ತ ತಗಳಕ್ ಬಂದೋನು ನರ ಸಿಗ್ದೆ ನಾಕ್ ಕಡೆ ಚುಚ್ಚವ್ನೆ. ಇದೇನ್ ಕೈಯಾ, ಜರಡಿಯಾ? ನಿಮ್ಮೋರಿಗೆ ವಸಿ ಬುದ್ಧಿ ಏಳಮ್ಮ. ಒಂದು ಮನ್ಸ ಕೂತೌನೆ ಅನ್ನೋ ಗ್ಯಾನ ಬ್ಯಾಡ್ವಾ?" ಸುಮಾರು ಐದು ನಿಮಿಷ, ಉಸಿರು ತೆಗೆದುಕೊಳ್ಳಲು ಮಾತ್ರ ನಿಲ್ಲಿಸಿ, ನನ್ನನ್ನು ಬೈದರು. ಇನ್ನೊಬ್ಬ ಸರೋಜಮ್ಮ ಪ್ರತಿ ಮಾತಿಗೂ ತಲೆಯಾಡಿಸಿ ಅನುಮೋದಿಸಿದರು. ನುಸ್ರತ್ ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದಳು. ನಾನು ಮಾಡದ ತಪ್ಪಿಗೆ ಬೈಸಿಕೊಳ್ಳುವುದು ಇಷ್ಟು ಹಾಯಾಗಿರುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. "ತಪ್ಪಾಯ್ತಮ್ಮ," ಎಂದು ಕೈ ಮುಗಿದೆ. ಅವರಿಗೆ ಸಮಾಧಾನವಾಗಿ, ಪೊಟ್ಟಣ ನನ್ನ ಕಡೆ ಚಾಚಿ, "ಹೋಗ್ಲಿ ಬಿಡಿ, ನೀವೇನ್ ಮಾಡಿದ್ರಿ ಪಾಪ," ಎಂದರು. ನಾನು ಎರಡು ಹುರಿಗಡಲೆ ತೆಗೆದುಕೊಂಡು, ಇನ್ನೊಂದು ಸಲ, ಈ ಬಾರಿ ನನ್ನ ತಪ್ಪಿಗೆ, ಕ್ಷಮೆ ಕೇಳಿದೆ.